ಹೊಂಬಳದಿಂದ ಶಿಕಾಗೋವರೆಗೆ: ಎ.ಕೆ. ರಾಮಾನುಜನ್ ಮತ್ತು ಎರಡು ನುಡಿಗಳ ಬದುಕು



ಈ ಊರಿಗೂ ಅಮೆರಿಕದ ಶಿಕಾಗೋ ನಗರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಗಬೇಕಾಗಿಲ್ಲ. ಸಂಬಂಧವಿದೆ, ಮತ್ತು ಅದು ಕನ್ನಡ ಸಾಹಿತ್ಯದ ಒಂದು ಮುಖ್ಯ ಸಂಬಂಧ. 1904ರಲ್ಲಿ ಇದೇ ಹೊಂಬಳದಲ್ಲಿ ಜಿ.ಬಿ. ಜೋಶಿಯವರು ಜನಿಸಿದರು. ‘ಜಡಭರತ’ ಎಂಬ ಹೆಸರಿನಿಂದ ನಾಟಕಗಳನ್ನು ಬರೆದ ಅವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಧಾರವಾಡದ ಸುಭಾಸ ರಸ್ತೆಯ ಆ ‘ಅಟ್ಟ’ ಎಷ್ಟೋ ದಶಕಗಳ ಕಾಲ ಸಾಹಿತಿಗಳ ಹರಟೆಯ, ಜಗಳದ, ಚಹಾದ ತಾಣವಾಗಿತ್ತು. ಗದಗಿನಲ್ಲೇ ಹುಟ್ಟಿದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಆ ಮಾಲೆಯ ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಹೊರಬಂತು.

ಅದೇ ಅಟ್ಟದಿಂದ 1969ರಲ್ಲಿ ಒಂದು ತೆಳ್ಳಗಿನ ಕವನ ಸಂಕಲನ ಪ್ರಕಟವಾಯಿತು. ಹೆಸರು ‘ಹೊಕ್ಕುಳಲ್ಲಿ ಹೂವಿಲ್ಲ’. ಕವಿ ಎ.ಕೆ. ರಾಮಾನುಜನ್. ಆಗ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಮುಂದೆ 1977ರಲ್ಲಿ ‘ಮತ್ತು ಇತರ ಪದ್ಯಗಳು’, 1978ರಲ್ಲಿ ‘ಮತ್ತೊಬ್ಬನ ಆತ್ಮಚರಿತ್ರೆ’ ಎಂಬ ಕಿರುಕಾದಂಬರಿ, 1990ರಲ್ಲಿ ‘ಕುಂಟೋಬಿಲ್ಲೆ’, ಎಲ್ಲವೂ ಅದೇ ಮಾಲೆಯಲ್ಲಿ ಬಂದವು. ಮೈಸೂರಿನಲ್ಲಿ ಹುಟ್ಟಿ, ಮನೆಯಲ್ಲಿ ತಮಿಳು ಆಡಿ, ಇಂಗ್ಲಿಷಿನಲ್ಲಿ ಜಗತ್ತಿಗೆ ಪರಿಚಿತರಾದ ಕವಿಯೊಬ್ಬರು ತಮ್ಮ ಕನ್ನಡವನ್ನು ಹೊಂಬಳದ ಮಗನೊಬ್ಬನ ಕೈಗೆ ಒಪ್ಪಿಸಿದ್ದರು. ಇಂದಿನ ಮಾತು ಆ ಕವಿಯನ್ನು ಕುರಿತದ್ದು: ಎರಡು ಭಾಷೆಗಳ ನಡುವೆ, ಎರಡು ದೇಶಗಳ ನಡುವೆ ಬದುಕಿದವನಿಗೆ ತಾನು ಯಾರು ಎಂಬ ಪ್ರಶ್ನೆ ಹೇಗೆ ಎದುರಾಗುತ್ತದೆ? ಆ ಪ್ರಶ್ನೆಗೂ ಗಂಡು-ಹೆಣ್ಣಿನ, ಕಾಮದ, ದೇಹದ ಪ್ರಶ್ನೆಗೂ ಏಕೆ ನಂಟು ಬೀಳುತ್ತದೆ?

ಈ ಪ್ರಶ್ನೆ ರಾಮಾನುಜನ್ ಒಬ್ಬರದೇ ಅಲ್ಲ. ಅಮೆರಿಕದಲ್ಲಿ ಮೆಕ್ಸಿಕೋ ಮೂಲದ ದೊಡ್ಡ ಸಮುದಾಯವಿದೆ. 1848ರ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ಉತ್ತರದ ವಿಶಾಲ ಭೂಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಡಬೇಕಾಯಿತು. ಅಲ್ಲಿದ್ದ ಸ್ಪ್ಯಾನಿಷ್ ಮಾತಿನ ಜನ ಊರು ಬಿಟ್ಟು ಕದಲಲಿಲ್ಲ. ಗಡಿಯೇ ಅವರನ್ನು ದಾಟಿ ಹೋಯಿತು. 1942ರಲ್ಲಿ ದಕ್ಷಿಣ ಟೆಕ್ಸಾಸಿನ ಗಡಿನಾಡಿನಲ್ಲಿ, ಹೊಲದಲ್ಲಿ ದುಡಿಯುವ ಕುಟುಂಬದಲ್ಲಿ ಹುಟ್ಟಿದ ಗ್ಲೋರಿಯಾ ಅಂಜಾಲ್ದುವಾ ಎಂಬ ಕವಯಿತ್ರಿ 1987ರಲ್ಲಿ ‘ಗಡಿನಾಡು’ ಎಂಬ ಅರ್ಥದ ಪುಸ್ತಕವೊಂದನ್ನು ಪ್ರಕಟಿಸಿದರು. ಅದರ ಹೆಸರೇ ಅರ್ಧ ಇಂಗ್ಲಿಷ್, ಅರ್ಧ ಸ್ಪ್ಯಾನಿಷ್. ಒಳಗೆ ಗದ್ಯವೂ ಪದ್ಯವೂ ಬೆರೆತಿವೆ. ಒಂದು ವಾಕ್ಯ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಓದುಗನಿಗೆ ಎಲ್ಲೆಡೆ ಅನುವಾದ ಮಾಡಿಕೊಡುವ ಸೌಜನ್ಯವನ್ನು ಲೇಖಕಿ ತೋರಿಸುವುದಿಲ್ಲ. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಕೈಗೆ ಪೆಟ್ಟು ತಿಂದ ಹುಡುಗಿ ಅವರು. ಹೆಣ್ಣನ್ನು ಪ್ರೀತಿಸುವ ಹೆಣ್ಣಾಗಿ ತಮ್ಮ ಸಮುದಾಯದ ಒಳಗೂ ಹೊರಗಿನವರಾದರು. 2004ರಲ್ಲಿ ತೀರಿಕೊಂಡ ಅವರ ವಾದದ ತಿರುಳು ಇಷ್ಟು: ಗಡಿ ಎಂಬುದು ನೆಲದ ಮೇಲೆ ಮಾತ್ರ ಇರುವುದಿಲ್ಲ, ಅದು ನಾಲಗೆಯ ಮೇಲೂ ಮೈಯ ಮೇಲೂ ಎಳೆಯಲ್ಪಡುತ್ತದೆ.

ರಾಮಾನುಜನ್ ಅವರ ಕತೆ ಇದಕ್ಕಿಂತ ಬೇರೆ. ಅವರು ಪೆಟ್ಟು ತಿಂದು ಭಾಷೆ ಕಳೆದುಕೊಂಡವರಲ್ಲ. ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿದವರು. ಅವರ ದನಿ ಜಗಳದ ದನಿಯೂ ಅಲ್ಲ. ಆದರೆ ಭಾಷೆ, ದೇಹ, ವಲಸೆ ಈ ಮೂರೂ ಒಂದೇ ಗಂಟಿನಲ್ಲಿವೆ ಎಂಬುದನ್ನು ಅವರು ತಮ್ಮ ದಾರಿಯಲ್ಲಿ ಕಂಡುಕೊಂಡರು. ಆ ದಾರಿಯ ಕೆಲವು ಮುಖ್ಯ ನಿಲ್ದಾಣಗಳು ನಮ್ಮ ಸೀಮೆಯಲ್ಲೇ ಇವೆ.

ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನ ಅಯ್ಯಂಗಾರ್ ಮನೆತನದಲ್ಲಿ. ತಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು, ಖಗೋಳಶಾಸ್ತ್ರ ಬಲ್ಲವರು. ಆ ಮನೆಯ ಭಾಷೆಗಳ ವ್ಯವಸ್ಥೆಯನ್ನು ರಾಮಾನುಜನ್ ಅನೇಕ ಕಡೆ ವಿವರಿಸಿದ್ದಾರೆ. ಕೆಳಗಡೆ ಅಡುಗೆಮನೆಯಲ್ಲಿ, ಅಮ್ಮನ ಜೊತೆ ತಮಿಳು. ಮಹಡಿಯ ಮೇಲೆ, ಅಪ್ಪನ ಓದುಕೋಣೆಯಲ್ಲಿ ಇಂಗ್ಲಿಷ್ ಮತ್ತು ಸಂಸ್ಕೃತ. ಬಾಗಿಲು ದಾಟಿ ಬೀದಿಗಿಳಿದರೆ ಕನ್ನಡ. ಮಗುವಿಗೆ ಇದು ಗೊಂದಲವಾಗಿರಲಿಲ್ಲ. ಚಪ್ಪಲಿ ಎಲ್ಲಿ ಬಿಡಬೇಕು ಎಂದು ತಿಳಿದಷ್ಟೇ ಸಹಜವಾಗಿ ಯಾವ ಮಾತು ಎಲ್ಲಿ ಆಡಬೇಕು ಎಂದು ತಿಳಿದಿತ್ತು. ಆದರೆ ಪ್ರತಿ ಭಾಷೆಗೂ ಅದರದೇ ಲೋಕವಿತ್ತು. ಅಡುಗೆಮನೆಯ ಭಾಷೆಯಲ್ಲಿ ಅಜ್ಜಿಯರ ಕತೆಗಳು, ಮುಟ್ಟು-ಮೈಲಿಗೆ, ಹಸಿವು. ಮಹಡಿಯ ಭಾಷೆಗಳಲ್ಲಿ ತರ್ಕ, ಗಣಿತ, ಶಾಸ್ತ್ರ. ಬೀದಿಯ ಭಾಷೆಯಲ್ಲಿ ಗೆಳೆಯರು, ಬೈಗುಳ, ಆಟ.

ತಂದೆ ಗಣಿತಜ್ಞರಾಗಿದ್ದೂ ಜ್ಯೋತಿಷವನ್ನು ನಂಬುತ್ತಿದ್ದುದು ಮಗನನ್ನು ಬಹಳ ಕಾಲ ಕಾಡಿತು. ಹೊಸ ಗ್ರಹಗಳು ಪತ್ತೆಯಾದ ಮೇಲೂ ಹಳೆಯ ನವಗ್ರಹಗಳ ಲೆಕ್ಕ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ ಹರೆಯದ ಹುಡುಗನದು. ದಶಕಗಳ ನಂತರ, ಭಾರತೀಯ ಚಿಂತನೆಯ ರೀತಿ ಎಂಬುದೊಂದಿದೆಯೇ ಎಂದು ಕೇಳುವ ಪ್ರಸಿದ್ಧ ಪ್ರಬಂಧದಲ್ಲಿ ಅವರು ಇದೇ ತಂದೆಯನ್ನು ಉದಾಹರಣೆಯಾಗಿ ತಂದರು. ಎಲ್ಲ ಕಾಲಕ್ಕೂ ಎಲ್ಲರಿಗೂ ಒಂದೇ ನಿಯಮ ಎಂಬ ಯೋಚನೆ ಒಂದು ಬಗೆ. ಯಾರು, ಎಲ್ಲಿ, ಯಾವಾಗ ಎಂಬ ಸಂದರ್ಭಕ್ಕೆ ತಕ್ಕಂತೆ ನಿಯಮ ಬದಲಾಗುವುದು ಇನ್ನೊಂದು ಬಗೆ. ಎರಡನೆಯ ಬಗೆಯಲ್ಲಿ ಬೆಳೆದವನಿಗೆ ಒಂದೇ ತಲೆಯಲ್ಲಿ ಎರಡು ಲೋಕ ಇಟ್ಟುಕೊಳ್ಳುವುದು ಅಸಾಧ್ಯವಲ್ಲ. ಈ ಮಾತು ತಂದೆಗೆಷ್ಟೋ ಅಷ್ಟೇ ಮಗನಿಗೂ ಅನ್ವಯಿಸುತ್ತದೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದ ರಾಮಾನುಜನ್ ಕೊಲ್ಲಂ, ಬೆಳಗಾವಿ, ಬರೋಡಾಗಳಲ್ಲಿ ಪಾಠ ಹೇಳಿದರು. ಬೆಳಗಾವಿಯ ಲಿಂಗರಾಜ ಕಾಲೇಜಿನ ವರ್ಷಗಳು ಅವರ ಪಾಲಿಗೆ ಬಹಳ ಫಲ ಕೊಟ್ಟವು. ಮೈಸೂರಿನ ಕಿವಿಗೆ ಇಲ್ಲಿನ ಕನ್ನಡ ಹೊಸದು. ಅವರು ಗಾದೆಗಳನ್ನು ಕೂಡಿಹಾಕಿದರು. 1955ರಲ್ಲಿ ಗಾದೆಗಳನ್ನು ಕುರಿತ ಅವರ ಚಿಕ್ಕ ಕನ್ನಡ ಪುಸ್ತಕ ಬಂತು. ಹೆಂಗಸರ ಬಾಯಿಂದ ಕತೆಗಳನ್ನು ಕೇಳಿ ಬರೆದುಕೊಂಡರು. ಧಾರವಾಡದಲ್ಲಿ ಓದುತ್ತಿದ್ದ ಕಾರ್ನಾಡರಂಥ ತರುಣರ ಸ್ನೇಹ ಬೆಳೆದದ್ದೂ ಆ ದಶಕದಲ್ಲೇ. ಕಾಲೇಜಿನಲ್ಲಿ ಇಂಗ್ಲಿಷ್ ಕವಿಗಳ ಪಾಠ ಹೇಳುವ ಅಧ್ಯಾಪಕ, ಅಡುಗೆಮನೆಯ ಬಾಗಿಲಲ್ಲಿ ಕೂತು ಅಜ್ಜಿಯರ ಕತೆ ಕೇಳುವುದು ಆ ಕಾಲಕ್ಕೆ ವಿಚಿತ್ರವಾಗಿಯೇ ಕಂಡಿರಬೇಕು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತು, 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಆ ಕಾಲದ ಅಮೆರಿಕ ಇಂದಿನಂತಲ್ಲ. 1946ರ ಕಾಯಿದೆಯ ಪ್ರಕಾರ ವರ್ಷಕ್ಕೆ ಸುಮಾರು 100 ಮಂದಿ ಭಾರತೀಯರಿಗೆ ಮಾತ್ರ ಅಲ್ಲಿ ನೆಲೆಸಲು ಅವಕಾಶವಿತ್ತು. 1965ರ ಹೊಸ ಕಾಯಿದೆ ಬಂದ ಮೇಲೆಯೇ ವೈದ್ಯರು, ಎಂಜಿನಿಯರರು ಸಾಲುಗಟ್ಟಿ ಹೋದದ್ದು, ಅಲ್ಲಲ್ಲಿ ಕನ್ನಡ ಕೂಟಗಳು ಬೆಳೆದದ್ದು. ಅದಕ್ಕೆ ಮೊದಲೇ ಹೋದ ರಾಮಾನುಜನ್ ಅವರಿಗೆ ಬೀದಿಯಲ್ಲಿ ಕನ್ನಡ ಕೇಳುವ ಭಾಗ್ಯ ಇರಲಿಲ್ಲ. 1963ರಲ್ಲಿ ಅವರು ಪಿಎಚ್.ಡಿ. ಪಡೆದರು. ವಿಷಯ ಕನ್ನಡದ ವ್ಯಾಕರಣ. ಆಡುತ್ತಿದ್ದ ಭಾಷೆ ದೂರದ ದೇಶದಲ್ಲಿ ಅಧ್ಯಯನದ ವಸ್ತುವಾಗಿತ್ತು.

1962ರಲ್ಲಿ ಅವರು ಶಿಕಾಗೋ ಸೇರಿದರು. ಆ ವರ್ಷದ ಒಂದು ಶನಿವಾರ ನಡೆದ ಘಟನೆಯನ್ನು ಅವರೇ ಬರೆದಿದ್ದಾರೆ. ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಅಲ್ಲಿ ಕೈಗೆ ಸಿಕ್ಕಿದ್ದು ‘ಕುರುಂತೊಗೈ’, ಯು.ವಿ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ ಪ್ರಾಚೀನ ಪ್ರೇಮಕವಿತೆಗಳ ಸಂಕಲನ. ಅಮ್ಮನ ಅಡುಗೆಮನೆಯ ಭಾಷೆಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಇಂಥ ಕಾವ್ಯವಿದೆ ಎಂಬುದು ಅವರಿಗೆ ಪೂರ್ತಿಯಾಗಿ ತಿಳಿದದ್ದು ಮದರಾಸಿನಲ್ಲಲ್ಲ, ಮೈಸೂರಿನಲ್ಲಲ್ಲ, ಶಿಕಾಗೋದ ನೆಲಮಾಳಿಗೆಯಲ್ಲಿ. ಊರು ಬಿಟ್ಟವನು ಊರನ್ನು ಕಳೆದುಕೊಳ್ಳುತ್ತಾನೆ ಎಂಬುದು ಸಾಮಾನ್ಯ ತಿಳಿವಳಿಕೆ. ಊರಿನಲ್ಲಿದ್ದಾಗ ಕಾಣದೇ ಇದ್ದುದು ಊರು ಬಿಟ್ಟ ಮೇಲೆ ಕಾಣುವುದೂ ಉಂಟು. 1967ರಲ್ಲಿ ಆ ಪದ್ಯಗಳ ಇಂಗ್ಲಿಷ್ ಅನುವಾದ ‘ಒಳಗಿನ ಭೂದೃಶ್ಯ’ ಎಂಬ ಅರ್ಥದ ಹೆಸರಿನಲ್ಲಿ ಹೊರಬಂದಾಗ ಜಗತ್ತಿನ ಓದುಗರು ತಮಿಳಿನ ಕಡೆ ತಿರುಗಿ ನೋಡಿದರು.

ಆ ತಮಿಳು ಕಾವ್ಯದಲ್ಲಿ ‘ಅಗಂ’ ಎಂದರೆ ಒಳಗಿನದು, ಪ್ರೇಮ; ‘ಪುರಂ’ ಎಂದರೆ ಹೊರಗಿನದು, ಯುದ್ಧ, ದಾನ, ಕೀರ್ತಿ. ಒಳಗಿನ ಕವಿತೆಗೆ ಐದು ನೆಲಗಳು. ಬೆಟ್ಟ ಎಂದರೆ ಪ್ರೇಮಿಗಳ ಕೂಟ, ಕಾಡು ಎಂದರೆ ತಾಳ್ಮೆಯ ಕಾಯುವಿಕೆ, ಗದ್ದೆಬಯಲು ಎಂದರೆ ಮುನಿಸು, ಕಡಲತೀರ ಎಂದರೆ ಹಂಬಲ, ಬೆಂದ ಬಯಲು ಎಂದರೆ ಅಗಲಿಕೆ. ಐದನೆಯದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗಂಡ ದುಡ್ಡು ಸಂಪಾದಿಸಲು ಸುಡುವ ಬಯಲನ್ನು ದಾಟಿ ಪರಸ್ಥಳಕ್ಕೆ ಹೋಗುತ್ತಾನೆ. ಹೆಂಡತಿ ಮನೆಯಲ್ಲಿ ಉಳಿಯುತ್ತಾಳೆ. ಮಳೆ ಕೈಕೊಟ್ಟ ವರ್ಷ ಗದಗ, ಮುಂಡರಗಿ, ಶಿರಹಟ್ಟಿಗಳ ಹಳ್ಳಿಗಳಿಂದ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗಂಟು ಕಟ್ಟಿಕೊಂಡು ಹೊರಡುವ ಮನೆಗಳಿಗೆ ಈ ಕವಿತೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಲಸೆ ಮತ್ತು ಕಾಮ, ಎಂದರೆ ಹೊಟ್ಟೆಯ ಹಸಿವು ಮತ್ತು ಮೈಯ ಹಸಿವು, ಒಂದೇ ಕವಿತೆಯ ಎರಡು ಮುಖಗಳು ಎಂಬುದನ್ನು ಆ ಕವಿಗಳು ಅಂದೇ ಅರಿತಿದ್ದರು.

ಇನ್ನು ಅವರ ಸ್ವಂತ ಕವಿತೆ. ಇಂಗ್ಲಿಷಿನಲ್ಲಿ 1966ರಲ್ಲಿ ಮೊದಲ ಸಂಕಲನ ‘ದಿ ಸ್ಟ್ರೈಡರ್ಸ್’, 1971ರಲ್ಲಿ ‘ರಿಲೇಷನ್ಸ್’, 1986ರಲ್ಲಿ ‘ಸೆಕೆಂಡ್ ಸೈಟ್’ ಬಂದವು. ಮೊದಲಿನೆರಡರ ನಡುವೆ, 1969ರಲ್ಲಿ, ಕನ್ನಡದ ‘ಹೊಕ್ಕುಳಲ್ಲಿ ಹೂವಿಲ್ಲ’. ಇವು ಒಂದರ ಅನುವಾದ ಇನ್ನೊಂದಲ್ಲ. ಕನ್ನಡದ ಕವಿತೆಗಳನ್ನು ಇಂಗ್ಲಿಷಿಗೆ ತಂದ ಸಂಪುಟ ಬಂದದ್ದು 2006ರಲ್ಲಿ, ಅವರು ತೀರಿಕೊಂಡು ಹದಿಮೂರು ವರ್ಷಗಳ ನಂತರ, ಬೇರೆಯವರ ಕೈಯಿಂದ. ಇಂಗ್ಲಿಷಿನಲ್ಲಿ ಹೆಸರು ಮಾಡಿದ ಮೇಲೆ ಕನ್ನಡದಲ್ಲಿ ಬರೆಯುವ ಅಗತ್ಯ ಅವರಿಗೆ ಏನಿತ್ತು? ಹಣವೂ ಇಲ್ಲ, ಶಿಕಾಗೋದಲ್ಲಿ ಓದುಗರೂ ಇಲ್ಲ. ಉತ್ತರ ಅವರ ವಿವರಣೆಯಲ್ಲೇ ಇದೆ. ಇಂಗ್ಲಿಷ್ ಮತ್ತು ತಮ್ಮ ವಿದ್ಯೆಯ ಶಿಸ್ತುಗಳು ತಮಗೆ ಹೊರ ಆಕಾರವನ್ನು ಕೊಟ್ಟವೆಂದೂ, ಭಾರತದಲ್ಲಿ ಕಳೆದ ಮೊದಲ ಮೂವತ್ತು ವರ್ಷಗಳು, ಕನ್ನಡ, ತಮಿಳು, ಜನಪದಗಳು ಒಳಗಿನ ಪದಾರ್ಥವನ್ನು ಕೊಟ್ಟವೆಂದೂ, ಈಗ ಯಾವುದು ಎಲ್ಲಿಂದ ಬಂತೆಂದು ಬೇರ್ಪಡಿಸಲು ಆಗುವುದಿಲ್ಲವೆಂದೂ ಅವರು ಹೇಳಿಕೊಂಡರು.

‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಹೆಸರನ್ನೇ ನೋಡಿ. ವಿಷ್ಣುವಿನ ಹೊಕ್ಕುಳಲ್ಲಿ ಕಮಲ, ಕಮಲದಲ್ಲಿ ಬ್ರಹ್ಮ, ಬ್ರಹ್ಮನಿಂದ ಸೃಷ್ಟಿ. ವೈಷ್ಣವ ಮನೆಯ ಮಗುವಿಗೆ ಇದು ಉಣ್ಣುವ ಅನ್ನದಷ್ಟು ಪರಿಚಿತ. ಮನುಷ್ಯನ ಹೊಕ್ಕುಳಲ್ಲಿ ಇರುವುದು ಹೂವಲ್ಲ, ತಾಯಿಯಿಂದ ಕತ್ತರಿಸಿದ ಗುರುತು. ದೇವರ ವೈಭವವನ್ನು ತಳ್ಳಿಹಾಕಿದ ಕೂಡಲೇ ತಾಯಿಯ ನೆನಪು ಬಂದು ನಿಲ್ಲುತ್ತದೆ. ಅಡಿಗರ ಕಾವ್ಯದ ಎತ್ತರದ ದನಿ ನವ್ಯವನ್ನು ಆಳುತ್ತಿದ್ದ ಕಾಲದಲ್ಲಿ ರಾಮಾನುಜನ್ ತಗ್ಗಿದ ದನಿಯಲ್ಲಿ, ಮಾತಾಡಿದಂತೆ, ಒಂದು ಸಣ್ಣ ವ್ಯಂಗ್ಯದೊಂದಿಗೆ ಬರೆದರು. ಅವರ ಕವಿತೆಯಲ್ಲಿ ಕುಟುಂಬ ತುಂಬಿಕೊಂಡಿದೆ: ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಸತ್ತವರು, ಹುಟ್ಟಬೇಕಾದವರು. ತಾನು ಎಂಬುದು ಇವರೆಲ್ಲರಿಂದ ಸಾಲ ತಂದ ತುಂಡುಗಳಿಂದ ಆದದ್ದು ಎಂಬ ಅನುಮಾನ ಅವರನ್ನು ಬಿಡುವುದಿಲ್ಲ. ‘ಮತ್ತೊಬ್ಬನ ಆತ್ಮಚರಿತ್ರೆ’ ಎಂಬ ಹೆಸರೂ ಅದನ್ನೇ ಹೇಳುತ್ತದೆ. ನಮ್ಮ ಕತೆ ಎಂದು ಬರೆಯಹೊರಟರೆ ಅದು ಇನ್ನೊಬ್ಬರದ್ದಾಗುತ್ತದೆ. ಇನ್ನೊಬ್ಬರದೆಂದು ಬರೆದರೆ ನಮ್ಮದಾಗುತ್ತದೆ.

‘ಇಂಡಿಯನ್-ಅಮೆರಿಕನ್’ ಎಂದು ಬರೆಯುವಾಗ ನಡುವೆ ಒಂದು ಅಡ್ಡಗೆರೆ ಇರುತ್ತದಲ್ಲ, ತಾನು ಆ ಅಡ್ಡಗೆರೆ ಎಂದು ರಾಮಾನುಜನ್ ತಮಾಷೆ ಮಾಡುತ್ತಿದ್ದರು. ಇದರಲ್ಲಿ ನಗುವೂ ಇದೆ, ನೋವೂ ಇದೆ. ಆ ಗೆರೆ ಎರಡನ್ನು ಕೂಡಿಸುತ್ತದೆ, ಎರಡನ್ನು ಬೇರೆಯಾಗಿಯೂ ಇಡುತ್ತದೆ; ತಾನು ಮಾತ್ರ ಯಾವ ಕಡೆಗೂ ಸೇರುವುದಿಲ್ಲ. ‘ಕುಂಟೋಬಿಲ್ಲೆ’ಯ ಆಟವೂ ಹಾಗೆಯೇ. ನೆಲದ ಮೇಲೆ ಗೆರೆ ಎಳೆದು ಮನೆಗಳನ್ನು ಮಾಡಿ, ಒಂಟಿ ಕಾಲಲ್ಲಿ ಕುಂಟುತ್ತ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕು, ಗೆರೆ ತುಳಿಯಬಾರದು. ಅಂಜಾಲ್ದುವಾ ಗಡಿಯನ್ನು ತೆರೆದ ಗಾಯದಂತೆ ಕಂಡರು. ರಾಮಾನುಜನ್ ಅದನ್ನು ಮಕ್ಕಳು ಸೀಮೆಸುಣ್ಣದಲ್ಲಿ ಎಳೆದ ಗೆರೆಯಂತೆ ಕಂಡರು ಎನ್ನಬಹುದು. ಇಬ್ಬರೂ ಬದುಕಿದ್ದು ಬೇರೆ ಬೇರೆ ಗಡಿಗಳಲ್ಲಿ ಎಂಬುದನ್ನೂ ಮರೆಯಬಾರದು.

ಈಗ ಗಂಡು-ಹೆಣ್ಣಿನ ಪ್ರಶ್ನೆಗೆ ಬರೋಣ. ಈ ವಿಷಯದಲ್ಲಿ ರಾಮಾನುಜನ್ ತಮ್ಮ ಬಗ್ಗೆ ಸಾರ್ವಜನಿಕವಾಗಿ ಘೋಷಣೆ ಮಾಡಿದವರಲ್ಲ. ಆದರೆ ಅವರ ಅನುವಾದಗಳು ಮತ್ತು ಪ್ರಬಂಧಗಳು ಪುನಃ ಪುನಃ ಇಲ್ಲಿಗೇ ಬಂದು ನಿಲ್ಲುತ್ತವೆ. 1973ರಲ್ಲಿ ಅವರ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟವಾಯಿತು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳು ಇಂಗ್ಲಿಷಿನ ಸಾಮಾನ್ಯ ಓದುಗನ ಕೈಗೆ ಸಿಕ್ಕಿದ್ದು ಆ ಅಗ್ಗದ ಕಾಗದದ ಪುಸ್ತಕದಿಂದ. ಅಕ್ಕ ಮದುವೆಯನ್ನು ಬಿಟ್ಟು, ಬಟ್ಟೆಯನ್ನು ಬಿಟ್ಟು, ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಹುಡುಕಿ ಹೊರಟವಳು. ದಾಸಿಮಯ್ಯನ ಒಂದು ವಚನ ಹೊರಗಿನ ಗುರುತುಗಳಿಂದ ಗಂಡು ಹೆಣ್ಣೆಂದು ಹೇಳಬಹುದಾದರೂ ಒಳಗಿನ ಆತ್ಮಕ್ಕೆ ಆ ಭೇದವಿಲ್ಲ ಎಂಬ ಅರ್ಥ ಕೊಡುತ್ತದೆ. 1981ರಲ್ಲಿ ಬಂದ ಅನುವಾದದಲ್ಲಿ ನಮ್ಮಾಳ್ವಾರ್ ಎಂಬ ಗಂಡು ಕವಿ ಹೆಣ್ಣಿನ ದನಿಯಲ್ಲಿ ವಿಷ್ಣುವಿಗಾಗಿ ಹಂಬಲಿಸುತ್ತಾನೆ. ಅವರು ತೀರಿಕೊಂಡ ಮರುವರ್ಷ, 1994ರಲ್ಲಿ, ವೆಲ್ಚೇರು ನಾರಾಯಣರಾವ್ ಮತ್ತು ಡೇವಿಡ್ ಶುಲ್ಮನ್ ಜೊತೆಗೂಡಿ ಮಾಡಿದ ತೆಲುಗು ಪದಗಳ ಅನುವಾದ ಬಂತು. ಅಲ್ಲಿ ಕ್ಷೇತ್ರಯ್ಯನಂಥ ಗಂಡು ಕವಿಗಳು ಬರೆದ ಹಾಡಿನಲ್ಲಿ ಮಾತಾಡುವವಳು ವೇಶ್ಯೆ. ದೇವರು ಅವಳ ಬಾಗಿಲಿಗೆ ಬಂದ ಗಿರಾಕಿ.

ಸ್ತ್ರೀ ಸಂತರನ್ನು ಕುರಿತ ಪ್ರಬಂಧದಲ್ಲಿ ಅವರು ಇದರ ಒಳಮರ್ಮವನ್ನು ಬಿಡಿಸಿದರು. ಭಕ್ತಿಯಲ್ಲಿ ಮೇಲುಜಾತಿಯ ಗಂಡಸು ತನ್ನ ಕುಲ, ಅಧಿಕಾರ, ಗಂಡಸುತನಗಳನ್ನು ಕಳಚಬೇಕಾಗುತ್ತದೆ. ದೇವರೆದುರು ಅವನು ಹೆಣ್ಣಾಗಬೇಕಾಗುತ್ತದೆ. ಹೆಣ್ಣಿಗೂ ಅಸ್ಪೃಶ್ಯ ಸಂತನಿಗೂ ಹಾಗೆ ಕಳಚಬೇಕಾದ್ದು ಏನೂ ಇಲ್ಲ. ಸಮಾಜ ಯಾರನ್ನು ಕೆಳಗಿಟ್ಟಿತೋ ಅವರೇ ಆ ಹಾದಿಯಲ್ಲಿ ಮುಂದಿದ್ದಾರೆ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೋಗಿಬಂದವರಿಗೆ, ಜೋಗಪ್ಪಗಳನ್ನು ಕಂಡವರಿಗೆ, ಗಂಡು-ಹೆಣ್ಣಿನ ಗೆರೆಯನ್ನು ದಾಟುವುದು ಅಮೆರಿಕದಿಂದ ಬಂದ ಹೊಸ ಸರಕಲ್ಲ ಎಂದು ಗೊತ್ತು. ಆದರೆ ಜಾತ್ರೆಯಲ್ಲಿ ಕೈಮುಗಿದ ಜನವೇ ಊರಲ್ಲಿ ಅವರಿಗೆ ಬಾಡಿಗೆ ಮನೆ ಕೊಡುವುದಿಲ್ಲ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ದೊಡ್ಡ ಸುದ್ದಿಯಾಯಿತು. ಅದು ಸುದ್ದಿಯಾಯಿತೆಂಬುದೇ ಅದೆಷ್ಟು ಅಪರೂಪವೆಂಬುದಕ್ಕೆ ಸಾಕ್ಷಿ.

ಇದಕ್ಕಿಂತ ಹತ್ತಿರದ ಉದಾಹರಣೆಗಳು ಅವರು ಕನ್ನಡ ಹೆಂಗಸರಿಂದ ಕೇಳಿದ ಕತೆಗಳಲ್ಲಿವೆ. ಒಂದು ಕೊಡ ನೀರು ಹೊಯ್ದರೆ ಹೂವಿನ ಮರವಾಗುವ ಹುಡುಗಿಯ ಕತೆ ಇಲ್ಲಿ ಅನೇಕರಿಗೆ ಗೊತ್ತಿರಬಹುದು. ಕೊಂಬೆ ಮುರಿಯದೆ, ಎಲೆ ಹರಿಯದೆ ಹೂ ಕೀಳಿ ಎಂದು ಅವಳು ಕೇಳಿಕೊಳ್ಳುತ್ತಾಳೆ. ನಾದಿನಿ ಆ ಮಾತು ಮೀರಿದಾಗ ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಹೆಣ್ಣಿನ ಮೈ ಅರಳುವುದು ಎಷ್ಟು ಸಹಜವೋ ಅಷ್ಟೇ ಅಪಾಯದ್ದು, ಅವಳ ಮಾತನ್ನು ಕೇಳಿ ನಡೆದುಕೊಂಡರೆ ಮಾತ್ರ ಅವಳು ಅರಳುತ್ತಾಳೆ ಎಂಬುದು ಇದರಲ್ಲಿ ಅಡಗಿದೆ. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದೇ ಕತೆಯನ್ನು ಒಪೆರಾ ಮಾಡಿದಾಗ ಅದು ವಿಯೆನ್ನಾದಲ್ಲಿ ಪ್ರದರ್ಶನಗೊಂಡಿತು. ಕನ್ನಡ ಅಡುಗೆಮನೆಯ ಕತೆ ಯುರೋಪಿನ ರಂಗಮಂದಿರಕ್ಕೆ ಹೋಯಿತು. ಗಿರೀಶ ಕಾರ್ನಾಡರ ‘ನಾಗಮಂಡಲ’ಕ್ಕೆ ಮೂಲವಾದ ಕತೆಗಳೂ ರಾಮಾನುಜನ್ ಅವರಿಂದ ಕೇಳಿದವು. ಗಂಡ ಹಗಲು ಮಾತೇ ಆಡುವುದಿಲ್ಲ. ರಾತ್ರಿ ನಾಗ ಗಂಡನ ರೂಪದಲ್ಲಿ ಬಂದು ಪ್ರೀತಿಸುತ್ತದೆ. ಇಂಥ ಕತೆಯನ್ನು ಒಬ್ಬ ಗಂಡಸು ಕಟ್ಟಿರಲಾರ ಎಂಬುದು ರಾಮಾನುಜನ್ ಅವರ ಒಟ್ಟು ವಾದಕ್ಕೆ ಹೊಂದುವ ಮಾತು.

ಉತ್ತರ ಕರ್ನಾಟಕದ ಹಳ್ಳಿಯೊಂದರ ಹೆಂಗಸಿನಿಂದ ಕೇಳಿದ ಇನ್ನೊಂದು ಕತೆಯಲ್ಲಿ, ತನ್ನ ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತ ಹೆಣ್ಣೊಬ್ಬಳಿದ್ದಾಳೆ. ಗ್ರೀಕರ ಈಡಿಪಸ್ ಕತೆಯಲ್ಲಿ ದುಃಖ ಮಗನದ್ದು. ಕನ್ನಡದ ಕತೆಯಲ್ಲಿ ದುಃಖ ತಾಯಿಯದ್ದು. ಯಾರು ಹೇಳುತ್ತಾರೆ ಎಂಬುದರ ಮೇಲೆ ಕತೆಯ ಅರ್ಥ ತಿರುಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಮುನ್ನೂರು ರಾಮಾಯಣಗಳನ್ನು ಕುರಿತ 1991ರ ಪ್ರಬಂಧದಲ್ಲಿ ಕನ್ನಡ ಜನಪದ ರಾಮಾಯಣದ ಒಂದು ಪಾಠವನ್ನು ಚರ್ಚಿಸುತ್ತಾರೆ. ಅಲ್ಲಿ ರಾವಣನೇ ಬಸುರಾಗಿ, ಸೀನಿದಾಗ ಸೀತೆ ಹುಟ್ಟುತ್ತಾಳೆ. ‘ಸೀತ’ ಎಂದರೆ ಸೀನಿದ ಎಂಬ ಶ್ಲೇಷೆ ಕನ್ನಡದಲ್ಲಿ ಮಾತ್ರ ಸಾಧ್ಯ. ಕತೆ ಭಾಷೆಯನ್ನು ದಾಟುವಾಗ ಹೊಸ ಮೈ ಪಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಕಿಲ್ಲ. ಇದೇ ಪ್ರಬಂಧವನ್ನು 2011ರಲ್ಲಿ, ವಿರೋಧದ ನಂತರ, ದೆಹಲಿ ವಿಶ್ವವಿದ್ಯಾಲಯ ತನ್ನ ಇತಿಹಾಸದ ಪಠ್ಯದಿಂದ ತೆಗೆದುಹಾಕಿತು. ಒಂದೇ ಕತೆಗೆ ಒಂದೇ ರೂಪವಿರಬೇಕು ಎನ್ನುವವರಿಗೆ ರಾಮಾನುಜನ್ ಸತ್ತು ಹದಿನೆಂಟು ವರ್ಷವಾದ ಮೇಲೂ ತೊಡಕಾಗಿಯೇ ಉಳಿದಿದ್ದರು.

ಅವರ ಬಗ್ಗೆ ಆಕ್ಷೇಪಗಳಿಲ್ಲವೆಂದಲ್ಲ. ವಚನಗಳ ಅನುವಾದದಲ್ಲಿ ಅವರು ಪಾಶ್ಚಾತ್ಯ ಆಧುನಿಕ ಕವಿತೆಯ ಅಳತೆಗೆ ಶರಣರನ್ನು ಕತ್ತರಿಸಿ ಕೂರಿಸಿದರು ಎಂದು ತೇಜಸ್ವಿನಿ ನಿರಂಜನ 1992ರ ತಮ್ಮ ಪುಸ್ತಕದಲ್ಲಿ ಟೀಕಿಸಿದರು. ವಚನವನ್ನು ಮಠದಲ್ಲಿ, ಭಜನೆಯಲ್ಲಿ ಕೇಳಿ ಬೆಳೆದವರಿಗೆ ಆ ಟೀಕೆ ಸುಲಭವಾಗಿ ಅರ್ಥವಾಗುತ್ತದೆ; ಹಾಳೆಯ ಮೇಲೆ ಮುರಿದ ಸಾಲುಗಳಲ್ಲಿ ಆ ರಾಗ, ಆ ಸಮುದಾಯ ಕಾಣುವುದಿಲ್ಲ. ಇನ್ನೊಂದು ಮಾತು ಇನ್ನೂ ಮುಖ್ಯವಾದದ್ದು. ವಿದ್ವಾಂಸನ ವಲಸೆ ಬೇರೆ, ಕೂಲಿಯವನ ವಲಸೆ ಬೇರೆ. ಹೋದ ಕಡೆ ಒಬ್ಬನಿಗೆ ಗ್ರಂಥಾಲಯ ಸ್ವಾಗತಿಸುತ್ತದೆ, ಇನ್ನೊಬ್ಬನಿಗೆ ತಗಡಿನ ಶೆಡ್ಡು. 1983ರಲ್ಲಿ ಮೆಕಾರ್ಥರ್ ಪುರಸ್ಕಾರ ಪಡೆದ ಕವಿಯ ತೊಳಲಾಟವನ್ನು ಗೋವೆಯ ಬಂದರಿನಲ್ಲಿ ಮೂಟೆ ಹೊರುವವನ ತೊಳಲಾಟಕ್ಕೆ ಸಮ ಎನ್ನಲಾಗದು. ಅಂಜಾಲ್ದುವಾ ಅವರ ಪುಸ್ತಕ ಕೋಪದ ಪುಸ್ತಕವಾದದ್ದಕ್ಕೆ ಹೊಲದಲ್ಲಿ ದುಡಿದ ಆ ಕುಟುಂಬವೂ ಕಾರಣ.

ಆದರೂ ಇಬ್ಬರನ್ನೂ ಒಟ್ಟಿಗೆ ಓದುವುದರಿಂದ ನಮ್ಮ ನೆಲಕ್ಕೆ ಒಂದು ಬೆಳಕು ಬೀಳುತ್ತದೆ. ಈ ಸೀಮೆಯನ್ನೂ ಗಡಿಗಳು ದಾಟಿ ಹೋಗಿವೆ. ಸ್ವಾತಂತ್ರ್ಯದವರೆಗೆ ಗದಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಕನ್ನಡದ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದರು. ಒಂದಾದದ್ದು 1956ರ ನವೆಂಬರ್ 1ರಂದು. ಅದೇ ಹೊತ್ತಿಗೆ ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆಯವರು ಕನ್ನಡದ ವರಕವಿಯಾಗಿದ್ದರು. ಅವರ ಮನೆತನ ಒಂದು ಕಾಲಕ್ಕೆ ಇದೇ ಶಿರಹಟ್ಟಿಯಲ್ಲಿ ನೆಲೆಸಿತ್ತು. ಇನ್ನೂ ಹಿಂದಕ್ಕೆ ಹೋದರೆ, ಹರಿಹರ ರಾಘವಾಂಕರು ಹಾಡಿದ ಆದಯ್ಯ ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದವನು. ಇಲ್ಲಿಯ ಜೈನರ ಹುಡುಗಿ ಪದ್ಮಾವತಿಯನ್ನು ಪ್ರೀತಿಸಿ ಮದುವೆಯಾದ, ತನ್ನ ಊರಿನ ಸೋಮನಾಥನನ್ನು ಇಲ್ಲಿಗೆ ತಂದ ಎಂದು ಆ ಕಾವ್ಯಗಳು ಹೇಳುತ್ತವೆ. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡೆಂದು ಎಣಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅಚ್ಚ ಕನ್ನಡದ ಆ ಊರು ಗುಜರಾತಿನಿಂದ ಬಂದವನನ್ನು ಶರಣನನ್ನಾಗಿ ಮಾಡಿಕೊಂಡಿತು.

ಇವತ್ತು ಮುಂಡರಗಿ, ಶಿರಹಟ್ಟಿಗಳ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಅಪ್ಪ-ಅಮ್ಮನ ಜೊತೆ ಗೋವೆಗೆ ಹೋದರೆ ಅದೇ ಮಗು ಕೊಂಕಣಿಯನ್ನೂ ಹಿಂದಿಯನ್ನೂ ಎತ್ತಿಕೊಳ್ಳುತ್ತದೆ. ಆರು ತಿಂಗಳ ನಂತರ ಊರಿನ ಶಾಲೆಗೆ ಮರಳಿದಾಗ ಅದರ ಕನ್ನಡ ತಪ್ಪೆಂದು ನಗುವವರಿರುತ್ತಾರೆ. ಮೂರು ನಾಲ್ಕು ಭಾಷೆ ಬಲ್ಲ ಮಗು ಹೀಗೆ ಭಾಷೆ ಬಾರದ ಮಗುವಾಗುತ್ತದೆ. ಮೈಸೂರಿನ ಮಹಡಿ ಮನೆಯ ಮಗುವಿಗೆ ಮೂರು ಭಾಷೆ ಸಂಪತ್ತು, ತಾಂಡಾದ ಮಗುವಿಗೆ ಕೊರತೆ ಎನ್ನುವ ಲೆಕ್ಕವನ್ನು ಹಾಕಿದವರು ನಾವು; ಭಾಷೆಗಳು ಹಾಕಿದ್ದಲ್ಲ. ಹರೆಯಕ್ಕೆ ಬಂದಾಗ ತನ್ನ ಮೈ ಊರಿನವರು ಹೇಳಿದ ಗೆರೆಗೆ ಒಗ್ಗುತ್ತಿಲ್ಲ ಎಂದು ಕಂಡುಕೊಳ್ಳುವ ಮಗುವಿನ ಸ್ಥಿತಿಯೂ ಇದೇ. ಸಲಿಂಗ ಪ್ರೇಮ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದಾಗಿದೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಕನ್ನಡದಲ್ಲಿ ಆ ಮಾತನ್ನು ತೆರೆದಿಟ್ಟಿತ್ತು. ಆದರೆ ಕೋರ್ಟಿನ ಭಾಷೆ ಅಡುಗೆಮನೆಗೆ ತಲುಪಲು ಕಾಲ ಬೇಕಾಗುತ್ತದೆ. ಅಡುಗೆಮನೆಯಲ್ಲಿ ಆ ಮಾತುಗಳಿಗೆ ಈಗಾಗಲೇ ಕತೆಯ ರೂಪದಲ್ಲಿ ಜಾಗವಿತ್ತು ಎಂಬುದನ್ನು ರಾಮಾನುಜನ್ ತೋರಿಸಿಕೊಟ್ಟರು. ಅವರ ಕೆಲಸದ ದೊಡ್ಡ ಉಪಯೋಗ ಬಹುಶಃ ಇದು.

ರಾಮಾನುಜನ್ 1993ರ ಜುಲೈ 13ರಂದು ಶಿಕಾಗೋದಲ್ಲಿ ನಿಧನರಾದರು. ಅದೇ 1993ರಲ್ಲಿ ಜಿ.ಬಿ. ಜೋಶಿಯವರೂ ತೀರಿಕೊಂಡರು. ಒಬ್ಬರು ಊರು ಬಿಟ್ಟು ಸಾವಿರಾರು ಮೈಲಿ ದೂರ ಹೋಗಿ ಅಲ್ಲಿಂದ ಕನ್ನಡದಲ್ಲಿ ಬರೆದರು. ಇನ್ನೊಬ್ಬರು ಹೊಂಬಳ ಬಿಟ್ಟು ಧಾರವಾಡದ ಅಟ್ಟ ಹತ್ತಿ, ಚಂದಾದಾರರ ಬಲದಿಂದ, ಹಾಗೆ ಬರೆದವರನ್ನು ಅಚ್ಚು ಹಾಕಿದರು. ಹೊಂಬಳದವರು ಜೋಶಿಯವರ ನಾಟಕಗಳನ್ನು ನೆನೆಯುವಾಗ ಅವರು ಅಚ್ಚು ಹಾಕಿದ ಈ ತೆಳ್ಳಗಿನ ಪುಸ್ತಕಗಳನ್ನೂ ಒಮ್ಮೆ ತೆಗೆದು ಓದಬೇಕು. ಗೋವೆಯಿಂದ ಮರಳಿ ಬಂದ ಮಗು ಪಕ್ಕದಲ್ಲಿದ್ದರೆ ಅದಕ್ಕೂ ಒಂದು ಪದ್ಯ ಓದಿ ಹೇಳಬೇಕು. ಅರ್ಥವಾಯಿತೇ ಎಂದು ಕೇಳುವ ಮೊದಲು, ಇದನ್ನು ನಿನ್ನ ಮಾತಿನಲ್ಲಿ ಏನನ್ನುತ್ತಾರೆ ಎಂದು ಕೇಳಬೇಕು.